ವೇಲ್ಸ್ ಬೆಟ್ಟದ ಕಾಡಲ್ಲಿ ನಾಯಿ ಜೊತೆ ನಡಿಗೆ: ಅಪ್ಪನ ಮಂಡಿಗೂ ಆಗಬೇಕು, ಗ್ರೇಹೌಂಡಿಗೂ ಆಗಬೇಕು

ಕೊಪ್ಪದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಏಪ್ರಿಲ್ ಕೊನೆಗೆ ಅಪ್ಪ ಅಮ್ಮ ಕೊಪ್ಪದಿಂದ ಬರುತ್ತಿದ್ದಾರೆ. ಒಂದು ದಿನ ವೇಲ್ಸ್ ಕಡೆ ಕಾಡಿಗೆ ಕರೆದುಕೊಂಡು ಹೋಗೋಣ ಅಂತಿದೆ. ಅಪ್ಪನಿಗೆ ಮಂಡಿ ನೋವು, ಇಳಿಯುವಾಗ ಜಾಸ್ತಿ. ಆದರೆ ತೋಟ ಸುತ್ತಿ ಬೆಳೆದ ಜೀವ, ಮನೆಯಲ್ಲೇ ಕೂರಿಸಿದರೆ ನಾಲ್ಕೇ ದಿನಕ್ಕೆ ಊರಿಗೆ ಟಿಕೆಟ್ ಮಾಡು ಅನ್ನುತ್ತಾರೆ. ಅಮ್ಮ ಎಲ್ಲಿಗೆ ಬೇಕಾದರೂ ಬರುತ್ತಾರೆ, ಟಾಯ್ಲೆಟ್ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಸಾಕು.

ಜೊತೆಗೆ ನಮ್ಮ ಮಿಂಚು. ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್. ದಿನವಿಡೀ ಸೋಫಾ ಮೇಲೆ ಕಾಲು ಚಾಚಿ ಬಿದ್ದಿರುತ್ತಾಳೆ, ಅಳಿಲು ಕಂಡರೆ ಮಾತ್ರ ಹಳೇ ಉದ್ಯೋಗ ನೆನಪಾಗುತ್ತದೆ. ಕುರಿಗಳ ನಡುವೆ ಅವಳನ್ನು ಕರೆದುಕೊಂಡು ಹೋಗುವುದು ಅಂದರೆ ನನಗೆ ಕೈಕಾಲು ನಡುಕ.

ಸ್ನೋಡನ್ ಬೇಡ, ದೊಡ್ಡ ಏರು ಬೇಡ. ಮರ ಇರಬೇಕು, ಸ್ವಲ್ಪ ನೀರು ಹರಿಯುವ ಸದ್ದು ಇರಬೇಕು, ನಿಧಾನಕ್ಕೆ ಒಂದೆರಡು ಗಂಟೆ. ಬೇಲಿಗೆ ತಡಮೆ ಇರುವ ದಾರಿ ಖಂಡಿತ ಬೇಡ. ಹತ್ತಿ ಇಳಿಯುವುದು ಅಪ್ಪನಿಗೂ ಆಗಲ್ಲ, ಮಿಂಚುಗೂ ಆಗಲ್ಲ. ಹೋಗಿ ಬಂದವರು ಹೇಳಿ.

ಎರಡುಛತ್ರಿ

ಬೆಥ್‌ಗೆಲರ್ಟ್‌ಗೆ ಹೋಗಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಎರೆರಿ ರಾಷ್ಟ್ರೀಯ ಉದ್ಯಾನದ ಒಳಗಿನ ಊರು. ಗ್ಲಾಸ್ಲಿನ್ ಹೊಳೆ ದಡದಲ್ಲೇ ಸಮತಟ್ಟು ದಾರಿ, ಹುಲ್ಲುಗಾವಲಿನ ನಡುವೆ ಮರದ ಕೆಳಗೆ ಗೆಲರ್ಟ್ ಅನ್ನೋ ನಾಯಿಯ ಸಮಾಧಿ. ನಾಯಿ ಜೊತೆ ಹೋಗುವವರು ನೋಡದೇ ಇದ್ದರೆ ಹೇಗೆ? ಲವೆಲಿನ್ ರಾಜಕುಮಾರ ಬೇಟೆಯಿಂದ ವಾಪಸ್ ಬರುತ್ತಾನೆ, ತೊಟ್ಟಿಲು ಮಗುಚಿದೆ, ನಾಯಿಯ ಬಾಯೆಲ್ಲ ರಕ್ತ. ಮಗುವನ್ನೇ ತಿಂದಿತು ಅಂದುಕೊಂಡು ಕತ್ತಿ ಇರಿಯುತ್ತಾನೆ. ಆಮೇಲೆ ನೋಡಿದರೆ ಮಗು ತೊಟ್ಟಿಲ ಕೆಳಗೆ ಆರಾಮಾಗಿದೆ, ಪಕ್ಕದಲ್ಲಿ ತೋಳ ಸತ್ತು ಬಿದ್ದಿದೆ.

ಸುಮ್ನೆ_ಓದುವವ

ಇದು ನಮ್ಮ ಮುಂಗುಸಿ ಕತೆ ಅಲ್ವಾ?? ತೋಳದ ಜಾಗದಲ್ಲಿ ಹಾವು, ಕತ್ತಿಯ ಜಾಗದಲ್ಲಿ ನೀರಿನ ಕೊಡ. ಅಜ್ಜಿ ಹೇಳುವಾಗ ಪ್ರತಿ ಸಲವೂ ಅತ್ತಿದ್ದೇನೆ.

ನೆನೆದ_ಬೂಟು

ಅದೇ ಕತೆ. ಎಷ್ಟೋ ದೇಶ ಸುತ್ತಿಕೊಂಡು ವೇಲ್ಸಿಗೆ ಬಂದಿದೆ. ಆ ಊರಿನ ಸಮಾಧಿಯಂತೂ ಹೆಚ್ಚಿಗೆ ಹಳೆಯದೂ ಅಲ್ಲ, 1790ರ ದಶಕದಲ್ಲಿ ಅಲ್ಲಿನ ಗೋಟ್ ಹೋಟೆಲ್ ನಡೆಸುತ್ತಿದ್ದ ಡೇವಿಡ್ ಪ್ರಿಚರ್ಡ್ ಅನ್ನುವವನು ಪ್ರವಾಸಿಗಳು ಬರಲಿ ಅಂತ ಹುಟ್ಟುಹಾಕಿದ್ದು ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆದರೂ ಜನ ಹೋಗುತ್ತಾರೆ, ಕಣ್ಣೊರೆಸಿಕೊಂಡು ಬರುತ್ತಾರೆ. ವ್ಯಾಪಾರ ಬಲ್ಲವನು.

ವಿಷಯಕ್ಕೆ ಬರುತ್ತೇನೆ. ಕೊಪ್ಪದವರು ಕೇಳಿದ್ದು ಬೇರೆ. ಬರ್ಮಿಂಗ್‌ಹ್ಯಾಮ್‌ನಿಂದ ಬೆಥ್‌ಗೆಲರ್ಟ್ ಒಂದು ದಿನದಲ್ಲಿ ಹೋಗಿ ಬರೋಕೆ ದೂರ. ಸಮಾಧಿ ಇರುವ ಬಯಲಿನ ಸುತ್ತ ಕುರಿ ಮೇಯುತ್ತವೆ. ರಜೆ ದಿನ ಜನಜಂಗುಳಿ ಬೇರೆ.

ನನ್ನ ಸಲಹೆ ಹಾವ್ರೆನ್ ಕಾಡು. ಮಧ್ಯ ವೇಲ್ಸ್, ಪುಮ್ಲಿಮೋನ್ ಬೆಟ್ಟದ ಪೂರ್ವದ ಮಗ್ಗುಲು. ನಿಮ್ಮ ಕಡೆಯಿಂದ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಮೊದಲು ಲ್ಯಾನಿಡ್ಲೋಸ್ ಊರು ಸಿಗುತ್ತದೆ, ಅಲ್ಲಿ ಟಾಯ್ಲೆಟ್, ಕಾಫಿ ಎಲ್ಲ ಮುಗಿಸಿ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 7 ಮೈಲಿ ಸಣ್ಣ ರಸ್ತೆ, ಕೊನೆಗೆ ರೀಡ್ ಅ ಬೆನುಖ್ ಅನ್ನುವ ಕಾರ್ ಪಾರ್ಕ್. ಅಲ್ಲಿಂದ ಗುರುತಿನ ಕಂಬ ಹಾಕಿದ ಹಲವು ದಾರಿಗಳು ಹೊರಡುತ್ತವೆ. ನಿಮಗೆ ಬೇಕಾದದ್ದು ಎಲ್ಲಕ್ಕಿಂತ ಚಿಕ್ಕದು. ಕಾರ್ ಪಾರ್ಕಿನಿಂದ ಹೊಳೆಗೆ ಇಳಿದು, ಜೌಗು ಇರುವ ಕಡೆ ಮರದ ಹಲಗೆ ಹಾಸಿದ ಮೇಲೆ ನಡೆದು, ಸಣ್ಣ ಸಣ್ಣ ಜಲಪಾತ ನೋಡಿಕೊಂಡು ಸ್ಪ್ರೂಸ್ ಮರಗಳ ನಡುವೆ ವಾಪಸ್. ಆ ಹೊಳೆ ಯಾವುದು ಗೊತ್ತಾ? ಸೆವರ್ನ್. ಬ್ರಿಟನ್ನಿನ ಅತಿ ಉದ್ದದ ನದಿ, 354 ಕಿಲೋಮೀಟರ್. ಅಲ್ಲಿ ನೋಡಿದರೆ ಹಾರಿ ದಾಟಬಹುದು ಅನ್ನಿಸುವಷ್ಟು ಚಿಕ್ಕದು.

ಮಂಡಿ ಗಟ್ಟಿ ಇರುವವರಿಗೆ ಮೂಲದವರೆಗೂ ದಾರಿ ಇದೆ. ಕಾಡು ದಾಟಿ ಬೆಟ್ಟದ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ ಒಂದು ಮರದ ಕಂಬ ನೆಟ್ಟಿದ್ದಾರೆ, ಅದೇ ಸೆವರ್ನ್ ಮೂಲ. ದೇವಸ್ಥಾನ ಇಲ್ಲ, ಕೊಳ ಕಟ್ಟಿಸಿಲ್ಲ, ಕಪ್ಪು ಕೆಸರಿನ ಗುಂಡಿ ಅಷ್ಟೆ. ತಲಕಾವೇರಿ ನೋಡಿದವರು ಇದೇನಾ ಅನ್ನುತ್ತಾರೆ. ಅಪ್ಪನಿಗೆ ಅದು ಬೇಡ.

ಶರಾವತಿ_ಹಿನ್ನೀರು

ಕ್ಷಮಿಸಿ, ಒಂದು ತಕರಾರು. ಹಾವ್ರೆನ್ ಕಾಡು ಅಂತ ಕರೆಯುವುದೇ ನನಗೆ ಒಪ್ಪಿಗೆಯಿಲ್ಲ. ಅದು ಪ್ಲಾಂಟೇಷನ್. ಸಾಲಾಗಿ ನೆಟ್ಟ ಸಿಟ್ಕಾ ಸ್ಪ್ರೂಸ್, ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ತಂದ ಮರ. ಒಳಗೆ ಹೊಕ್ಕರೆ ಕತ್ತಲೆ, ನೆಲದಲ್ಲಿ ಒಣ ಸೂಜಿ ಎಲೆ ಬಿಟ್ಟರೆ ಹೆಚ್ಚೇನೂ ಬೆಳೆಯಲ್ಲ. ಸಾಗರದಲ್ಲಿ ಅಕೇಶಿಯ ನೆಡುತೋಪು ನೋಡಿ ನೋಡಿ ಬೇಸತ್ತವನು ನಾನು, ಅಷ್ಟು ದೂರ ಹೋಗಿ ಮತ್ತೆ ಅದನ್ನೇ ನೋಡಬೇಕಾ? ಮಲೆನಾಡಿನ ಅಪ್ಪನನ್ನು ಕರೆದುಕೊಂಡು ಹೋಗುತ್ತೀರಿ ಅಂದರೆ ನಿಜವಾದ ಕಾಡು ತೋರಿಸಿ. ವೇಲ್ಸಿನಲ್ಲಿ ಹಳೇ ಓಕ್ ಕಾಡುಗಳಿವೆ, ಸಮಶೀತೋಷ್ಣ ಮಳೆಕಾಡು ಅನ್ನುತ್ತಾರೆ. ಮಾಂಟ್‌ರೋಗ್ ಹತ್ತಿರ ಕೋಯ್ಡ್ ಫೆಲೆನ್‌ರೀಡ್, ಡೊಲ್ಗೆತ್ಲೈ ಹತ್ತಿರ ಗ್ಯಾನ್‌ತ್ಲುಯಿಡ್. ಬಂಡೆ, ಕೊಂಬೆ, ಎಲ್ಲದರ ಮೇಲೂ ಪಾಚಿ, ಪಾಚಿಯ ಮೇಲೆ ಜರಿಗಿಡ. ಆಗುಂಬೆ ಕಡೆಯವರಿಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ, ಇದು ತಮ್ಮ ಜಾತಿಯ ಕಾಡು ಅಂತ.

ನೆನೆದ_ಬೂಟು

ಸರ್, ನೀವು ಹೇಳಿದ ಓಕ್ ಕಾಡುಗಳು ನನಗೂ ಪ್ರಾಣ. ಆದರೆ ಕೋಯ್ಡ್ ಫೆಲೆನ್‌ರೀಡ್‌ನಲ್ಲಿ ಕಡಿದಾದ ಏರು, ಬೇರು, ಒದ್ದೆ ಬಂಡೆ. ಮಂಡಿ ನೋವಿನವರನ್ನು ಅಲ್ಲಿ ಇಳಿಸುವುದು ಪುಣ್ಯದ ಕೆಲಸ ಅಲ್ಲ.

ಪ್ಲಾಂಟೇಷನ್ ಅನ್ನುವುದು ಸುಳ್ಳಲ್ಲ. ಮೊದಲ ಮಹಾಯುದ್ಧದಲ್ಲಿ ಈ ದೇಶಕ್ಕೆ ಮರದ ಕೊರತೆ ಯಾವ ಮಟ್ಟಕ್ಕೆ ಬಂತು ಅಂದರೆ 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಅಂತ ಮಾಡಿ, ಸಿಕ್ಕ ಬೆಟ್ಟದ ಮೇಲೆಲ್ಲ ಬೇಗ ಬೆಳೆಯುವ ಮರ ನೆಡೋಕೆ ಶುರುಮಾಡಿದರು. ಕಂದಕಕ್ಕೆ ಮರ ಬೇಕಿತ್ತು, ಕಲ್ಲಿದ್ದಲ ಗಣಿಯ ಒಳಗೆ ಚಾವಣಿಗೆ ಆನಿಸೋಕೆ ಕಂಬ ಬೇಕಿತ್ತು. ನಮ್ಮ ನಾಯಿ ತಿರುಗಾಡಲಿ ಅಂತ ಯಾರೂ ನೆಡಲಿಲ್ಲ. ಈಗ ಅದನ್ನು ನೋಡಿಕೊಳ್ಳುವುದು 2013ರಲ್ಲಿ ಶುರುವಾದ ನ್ಯಾಚುರಲ್ ರಿಸೋರ್ಸಸ್ ವೇಲ್ಸ್. ಇವತ್ತಿಗೂ ಕಡಿಯುತ್ತಾರೆ, ಮತ್ತೆ ನೆಡುತ್ತಾರೆ.

ಆದರೆ ನಾಯಿ ಇರುವವರ ಕಣ್ಣಿನಿಂದ ನೋಡಿ. ಗಿಡ ತಿಂದುಬಿಡುತ್ತವೆ ಅಂತ ಪ್ಲಾಂಟೇಷನ್ ಸುತ್ತ ಬೇಲಿ ಹಾಕಿ ಕುರಿಗಳನ್ನು ಹೊರಗಿಟ್ಟಿರುತ್ತಾರೆ. ವೇಲ್ಸಿನಲ್ಲಿ ಜನರಿಗಿಂತ ಕುರಿಗಳೇ ಜಾಸ್ತಿ. ಏಪ್ರಿಲ್ ಅಂದರೆ ಮರಿ ಹಾಕುವ ಕಾಲ, ಬೋಳು ಬೆಟ್ಟದಲ್ಲಿ ಎಲ್ಲಿ ನೋಡಿದರೂ ತಾಯಿ ಮರಿ. ಆ ದಿನಗಳಲ್ಲಿ ಬೇಟೆ ಬುದ್ಧಿಯ ನಾಯಿಯನ್ನು ಹಿಡಿದುಕೊಂಡು ನೆಮ್ಮದಿಯಾಗಿ ನಡೆಯಬಹುದಾದ ಜಾಗ ಈ ಬೇಸರದ ಸ್ಪ್ರೂಸ್ ತೋಪೇ. ಅಲ್ಲೊಂದು ಇಲ್ಲೊಂದು ಕುರಿ ಬೇಲಿ ಹಾರಿ ಒಳಗೆ ಬಂದಿರುತ್ತದೆ, ಹಾಗಾಗಿ ಲೀಶ್ ಬಿಚ್ಚುವ ಮಾತೇ ಬೇಡ. ಆದರೂ ಬಯಲಿನಲ್ಲಿ ಇರುವ ಎದೆ ಢವಢವ ಇಲ್ಲಿ ಇರಲ್ಲ. ನೋಡೋಕೆ ಚೆಂದದ ಬೆಟ್ಟ ನಾಯಿಗೆ ಚೆಂದ ಆಗಬೇಕೆಂದಿಲ್ಲ.

ಮುಧೋಳದಂವ

ಬೂಟು ಸಾಹೇಬರು ಹೇಳಿದ್ದು ಖರೆ. ಊರಲ್ಲಿ ನಮ್ಮ ಮನೆಯಲ್ಲಿ ಮುಧೋಳ ನಾಯಿ ಇದ್ದವು. ಗ್ರೇಹೌಂಡ್ ಅದೇ ಬಳಗ, ವಾಸನೆ ಹಿಡಿದಲ್ಲ, ಕಣ್ಣಿಂದ ನೋಡಿ ಬೇಟೆ ಆಡುವ ನಾಯಿ. ಮೊಲ ಕಂಡಿತು ಅಂದರೆ ನೀವು ಹೆಸರು ಹಿಡಿದು ಕೂಗಿದರೂ ಕಿವಿಗೆ ಬೀಳೂದಿಲ್ಲ. ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರ್ ದಾಟಿ ಓಡುತ್ತದೆ ರೀ. ನೀವು "ಮಿಂಚು" ಅನ್ನುವುದರೊಳಗೆ ಅದು ಮುಂದಿನ ಜಿಲ್ಲೆಯಲ್ಲಿ ಇರುತ್ತದೆ.

ಆ ಎಳೆದಂತೆಲ್ಲ ಉದ್ದ ಆಗುವ ಲೀಶ್ ಇದೆಯಲ್ಲ, ಅದು ಮಾತ್ರ ಬೇಡ. ಎಂಟು ಮೀಟರ್ ಓಡಿ ವೇಗ ಹಿಡಿದು, ಕೊನೆಯಲ್ಲಿ ಝಟಕಾ ಹೊಡೆದರೆ ನಾಯಿಯ ಕುತ್ತಿಗೆಗೂ ಕಷ್ಟ, ನಿಮ್ಮ ಭುಜಕ್ಕೂ ಕಷ್ಟ. ಈ ಜಾತಿಗೆ ತಲೆಗಿಂತ ಕುತ್ತಿಗೆ ದಪ್ಪ, ಸಾಧಾರಣ ಪಟ್ಟಿ ಹಿಂದಕ್ಕೆ ಎಳೆದರೆ ಜಾರಿ ಬರುತ್ತದೆ. ಅಗಲ ಪಟ್ಟಿ ಹಾಕಿ, ಜೊತೆಗೆ ಎದೆಗೂ ಒಂದು ಹಾರ್ನೆಸ್ ಇದ್ದರೆ ಚಲೋ.

ಕೊಪ್ಪದ_ಹುಡುಗಿ

ಅಗಲ ಪಟ್ಟಿ ಇದೆ ಅಣ್ಣ, ದತ್ತು ಕೊಟ್ಟವರೇ ಹಾಕಿ ಕಳಿಸಿದ್ದರು. ಬಾಯಿಕುಕ್ಕೆಯೂ ಕೊಟ್ಟಿದ್ದಾರೆ. ಅದನ್ನು ಹಾಕಿದರೆ ದಾರಿಯಲ್ಲಿ ಜನ ಹೆದರಿ ಪಕ್ಕಕ್ಕೆ ಸರಿಯುತ್ತಾರೆ, ಇವಳೋ ಬೆಕ್ಕಿಗೂ ಹೆದರುತ್ತಾಳೆ. ಲೀಶ್ ಬಗ್ಗೆ ಇಲ್ಲಿ ಕಾನೂನು ಏನಾದರೂ ಇದೆಯಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನೆನೆದ_ಬೂಟು

ಇದೆ. 2000ನೇ ಇಸವಿಯ ಕಾಯ್ದೆ. ಬೆಟ್ಟ, ಬಯಲು ಅಂತ ಜನರಿಗೆ ತೆರೆದಿಟ್ಟ ಭೂಮಿಯಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿ 2 ಮೀಟರ್ ಮೀರದ ಲೀಶ್‌ನಲ್ಲಿ ಇರಬೇಕು. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು ಮೊಟ್ಟೆ ಇಡುವ ಕಾಲ ಅದು. ಕುರಿ ದನ ಹತ್ತಿರ ಇದ್ದರೆ ವರ್ಷಪೂರ್ತಿ ಅದೇ ನಿಯಮ. ಇನ್ನು ನಾಯಿ ಕುರಿಗಳನ್ನು ಅಟ್ಟಿಸಿಕೊಂಡು ಹೋದರೆ, ಬೇರೆ ದಾರಿಯೇ ಇಲ್ಲದ ಸಂದರ್ಭದಲ್ಲಿ ರೈತ ಗುಂಡು ಹೊಡೆದರೂ 1971ರ ಕಾನೂನು ಅವನಿಗೆ ರಕ್ಷಣೆ ಕೊಡುತ್ತದೆ. ಹೆದರಿಸೋಕೆ ಹೇಳುತ್ತಿಲ್ಲ. ಗಬ್ಬದ ಕುರಿ ಓಡಿ ಸುಸ್ತಾದರೆ ಕಚ್ಚದೇ ಇದ್ದರೂ ಮರಿ ಕಳೆದುಕೊಳ್ಳುತ್ತದೆ. ಅವನಿಗೆ ಅದು ವರ್ಷದ ಸಂಪಾದನೆ.

ದನ ಕಂಡರೆ ಮಾತ್ರ ಲೆಕ್ಕ ತಿರುಗಾಮುರುಗಾ. ಕರು ಇರುವ ಹಸುಗಳು ನಾಯಿ ನೋಡಿ ಮೈಮೇಲೆ ಬರುವುದುಂಟು. ಬಂದರೆ ಲೀಶ್ ಕೈಬಿಡಿ. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ಹಸು ಅದರ ಹಿಂದೆ ಹೋಗುತ್ತದೆ, ನೀವು ಉಳಿಯುತ್ತೀರಿ. ಸರ್ಕಾರದ ಸಲಹೆಯೂ ಇದೇ. ನಾಯಿಯನ್ನು ಎದೆಗೆ ಅವಚಿಕೊಳ್ಳೋಕೆ ಹೋದವರೇ ಪೆಟ್ಟು ತಿನ್ನುವುದು.

ಪಶುವೈದ್ಯೆ_ಸ್ವಾನ್ಸೀ

ಕೆಲಸದ ನಡುವೆ ಬರೆಯುತ್ತಿದ್ದೇನೆ, ಅಲ್ಲಲ್ಲಿ ನಿಂತಂತೆ ಕಂಡರೆ ಕ್ಷಮಿಸಿ.

ಮೊದಲು ಉಣ್ಣೆ, ಕುರಿಯ ತುಪ್ಪಳ ಅಲ್ಲ, ರಕ್ತ ಹೀರುವ ಹುಳ. ಕೊಪ್ಪದಿಂದ ಬರುವ ಅಪ್ಪನಿಗೆ ಉಣ್ಣೆ ಅಂದ ಕೂಡಲೇ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು, ಇಲ್ಲಿ ಇಲ್ಲ. ಆದರೆ ಇಲ್ಲಿನ ಉಣ್ಣೆಯಿಂದ ಲೈಮ್ ಅನ್ನುವ ಬೇರೆ ಕಾಯಿಲೆ ಬರುತ್ತದೆ, ಮನುಷ್ಯರಿಗೂ ನಾಯಿಗೂ. ಜರಿಗಿಡ, ಉದ್ದ ಹುಲ್ಲು ಇರುವಲ್ಲಿ ಜಾಸ್ತಿ. ಮನೆಗೆ ಬಂದ ಮೇಲೆ ನಾಯಿಯ ಕಿವಿ, ಕಂಕುಳು, ಬೆರಳ ಸಂದಿ ಕೈಯಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ ಸುರಿಯಬೇಡಿ, ಸಿಗರೇಟಿನಿಂದ ಸುಡಬೇಡಿ. ಕೊಕ್ಕೆ ತರಹದ ಸಣ್ಣ ಸಾಧನ ಅಂಗಡಿಯಲ್ಲಿ ಸಿಗುತ್ತದೆ, ಚರ್ಮಕ್ಕೆ ಒತ್ತಿ ಇಟ್ಟು ನಿಧಾನಕ್ಕೆ ತಿರುಗಿಸಿ ತೆಗೆಯಿರಿ. ನಿಮಗೇ ಕಚ್ಚಿ ಕೆಲವು ದಿನಗಳಲ್ಲಿ ಸುತ್ತಲೂ ಉಂಗುರದ ಹಾಗೆ ಕೆಂಪಾಗಿ ಹರಡಿದರೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಎರಡನೆಯದು ಬುತ್ತಿ. ನಮ್ಮವರು ಕಾಡಿಗೆ ಹೊರಟರೆ ಚಿತ್ರಾನ್ನ ಇಲ್ಲದೆ ಹೊರಡಲ್ಲ. ಈರುಳ್ಳಿ ಹಾಕಿದ್ದು ಯಾವುದನ್ನೂ ನಾಯಿಗೆ ಹಾಕಬೇಡಿ, ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಇನ್ನೂ ಅಪಾಯ, ಕಿಡ್ನಿಗೆ ಹೊಡೆತ. ಕೇಸರಿಬಾತಿನಲ್ಲಿ ಹುರಿದು ಹಾಕಿದ ನಾಲ್ಕು ದ್ರಾಕ್ಷಿಗೆ ನಾಯಿ ಆಸ್ಪತ್ರೆ ಸೇರಿದ್ದು ನಾನೇ ನೋಡಿದ್ದೇನೆ. "ಪಾಪ, ನೋಡ್ತಾ ಕೂತಿದೆ" ಅಂತ ಕೈ ತುತ್ತು ಹಾಕುವ ಅಮ್ಮಂದಿರಿಗೆ ಮೊದಲೇ ಹೇಳಿಡಿ. ಬರೀ ಮೊಸರನ್ನ ಒಂದು ತುತ್ತು ಕೊಟ್ಟರೆ ಗಾಬರಿಪಡಬೇಕಿಲ್ಲ, ಒಗ್ಗರಣೆ ಇಲ್ಲದ್ದು.

ಮೂರನೆಯದು ಚಳಿ. ಗ್ರೇಹೌಂಡಿಗೆ ಕೊಬ್ಬಿಲ್ಲ, ಕೂದಲೂ ಚಿಕ್ಕದು. ಏಪ್ರಿಲ್ ಕೊನೆ ಅಂದರೂ ಪುಮ್ಲಿಮೋನ್ ಕಡೆ ಗಾಳಿ ತಣ್ಣಗೆ ಕೊರೆಯುತ್ತದೆ. ನೀರು ಒಳಗಿಳಿಯದ ಕೋಟು ಹಾಕಿ. ಅವಕ್ಕೆ ಓಟ ಗೊತ್ತು, ದೂರ ನಡೆದು ಗೊತ್ತಿಲ್ಲ. ನಿಮ್ಮ ಅಪ್ಪನಿಗೆ ಸಾಕು ಅನ್ನಿಸುವ ಹೊತ್ತಿಗೆ ಅವಳಿಗೂ ಸಾಕಾಗಿರುತ್ತದೆ.

ಬಿಸಿಲಿದ್ದರೆ ಆ್ಯಡರ್ ಹಾವು ದಾರಿ ಬದಿಯಲ್ಲಿ ಮೈ ಕಾಯಿಸಿಕೊಳ್ಳುತ್ತಾ ಇರಬಹುದು. ಬ್ರಿಟನ್ನಿನ ಕಾಡಿನಲ್ಲಿರುವ ಒಂದೇ ವಿಷದ ಹಾವು. ತಾನಾಗಿ ಬಂದು ಕಚ್ಚಲ್ಲ, ನಾಯಿ ಮೂಗು ಹಾಕಿದರೆ ಕಚ್ಚುತ್ತದೆ. ಕಚ್ಚಿದರೆ ನಾಯಿಯನ್ನು ನಡೆಸಬೇಡಿ, ಎತ್ತಿಕೊಂಡು ಕಾರಿಗೆ ಬನ್ನಿ, ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿ.

ಎರಡುಛತ್ರಿ

ಗ್ರೇಹೌಂಡನ್ನು ಎತ್ತಿಕೊಂಡು!! 30 ಕಿಲೋ ಇರುತ್ತದಲ್ಲ ಮೇಡಂ 😄

ಪಶುವೈದ್ಯೆ_ಸ್ವಾನ್ಸೀ

ಅಳಿಯಂದಿರು ಜೊತೆಗಿದ್ದಾರಲ್ಲ, ಎತ್ತಲಿ ಬಿಡಿ.

ನೀರಿನ_ಲೆಕ್ಕ

ಹಾವ್ರೆನ್ ಹೆಸರು ಕೇಳಿ ಲಾಗಿನ್ ಆದೆ. ಜಲವಿಜ್ಞಾನ ಓದಿದವರಿಗೆ ಆ ಕಾಡು ಒಂದು ತೀರ್ಥಕ್ಷೇತ್ರ, ನಾಯಿ ಓಡಾಡಿಸುವವರಿಗೆ ಗೊತ್ತೇ ಇರಲ್ಲ. ಪುಮ್ಲಿಮೋನ್ ಬೆಟ್ಟದಲ್ಲಿ ಸೆವರ್ನ್ ಹುಟ್ಟುವ ಹತ್ತಿರವೇ ವೈ ನದಿಯೂ ಹುಟ್ಟುತ್ತದೆ, ಕೆಲವೇ ಕಿಲೋಮೀಟರ್ ಅಂತರ. ಮಳೆ ಹೆಚ್ಚುಕಮ್ಮಿ ಒಂದೇ, ವರ್ಷಕ್ಕೆ ಸುಮಾರು 2,500 ಮಿಲಿಮೀಟರ್. ಆದರೆ ಸೆವರ್ನ್ ತಲೆಯ ಕಣಿವೆಯಲ್ಲಿ ಹೆಚ್ಚಿನ ಪಾಲು ಸ್ಪ್ರೂಸ್ ಕಾಡು, ವೈ ಕಡೆ ಬರೀ ಕುರಿ ಮೇಯುವ ಹುಲ್ಲು. 1960ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಎರಡೂ ಹೊಳೆಗೆ ಅಳತೆ ಕಟ್ಟೆ ಕಟ್ಟಿ ಲೆಕ್ಕ ಶುರುಮಾಡಿದರು, ದಶಕಗಟ್ಟಲೆ ಬಿಡದೆ ಅಳೆದರು. ಗೊತ್ತಾದದ್ದು ಏನು ಅಂದರೆ, ಕಾಡಿನ ಕಡೆ ಹೊಳೆಗೆ ಬರುವ ನೀರು ಕಡಿಮೆ. ಎಲೆಗಳ ಮೇಲೆ ನಿಂತ ಮಳೆನೀರು ನೆಲ ಮುಟ್ಟುವ ಮೊದಲೇ ಗಾಳಿಗೆ ಆರಿ ಹೋಗುತ್ತದೆ. ವರ್ಷವಿಡೀ ಎಲೆ ಉದುರಿಸದ ಮರ, ವರ್ಷವಿಡೀ ಗಾಳಿ, ಸಣ್ಣ ಸಣ್ಣ ಮಳೆ ದಿನಗಟ್ಟಲೆ. ಎಷ್ಟು ಹಿಡಿದಿಡುತ್ತದೆ ಯೋಚಿಸಿ.

ಕಾಡು ಬೆಳೆಸಿದರೆ ಹೊಳೆ ತುಂಬುತ್ತದೆ ಅಂತ ಎಲ್ಲರೂ ಕಣ್ಣು ಮುಚ್ಚಿ ಹೇಳುವ ಕಾಲದಲ್ಲಿ ಇದು ದೊಡ್ಡ ಜಗಳಕ್ಕೇ ಕಾರಣವಾಯಿತು. ಇದನ್ನು ಇಟ್ಟುಕೊಂಡು ನಮ್ಮ ಪಶ್ಚಿಮ ಘಟ್ಟದ ಬಗ್ಗೆ ತೀರ್ಮಾನ ಮಾಡೋಕೆ ಮಾತ್ರ ಹೋಗಬೇಡಿ. ಮಣ್ಣು ಬೇರೆ, ಮಳೆ ಬೀಳುವ ರೀತಿ ಬೇರೆ, ಮರ ಬೇರೆ. ವಾಟ್ಸಾಪಿನಲ್ಲಿ ಯಾರಾದರೂ ಹಾಗೆ ಕಳಿಸಿದರೆ ನನ್ನ ಹೆಸರು ಹೇಳಬೇಡಿ.

ಹೊಳೆಯ ಪಕ್ಕ ನಡೆಯುವಾಗ ಕಾಂಕ್ರೀಟಿನ ಕಾಲುವೆಯ ತುಂಡಿನ ಹಾಗೆ ಏನಾದರೂ ಕಂಡರೆ ಅದು ಅಳತೆ ಕಟ್ಟೆ. ಅಪ್ಪನಿಗೆ ತೋರಿಸಿ. ತೋಟಕ್ಕೆ ನೀರು ಹಾಯಿಸಿದವರಿಗೆ ಹಿಡಿಸುತ್ತದೆ.

ಶರಾವತಿ_ಹಿನ್ನೀರು

ಇದು ನನಗೆ ಗೊತ್ತೇ ಇರಲಿಲ್ಲ. ಈಗ ಹೋಗಬೇಕು ಅನ್ನಿಸುತ್ತಿದೆ. ಆದರೂ ಅದು ಪ್ಲಾಂಟೇಷನ್ನೇ.

ಹೋಗುವವರು ಒಂದು ಕೆಲಸ ಮಾಡಿ, ದಾರಿಯಲ್ಲಿ ಕ್ಲವೆಡಾಗ್ ಅಣೆಕಟ್ಟು ಸಿಗುತ್ತದೆ, ನಿಲ್ಲಿಸಿ ನೋಡಿ. 1967ರಲ್ಲಿ ಆದದ್ದು, 72 ಮೀಟರ್ ಎತ್ತರ. ಸೆವರ್ನ್ ನದಿಗೆ ಬೇಸಿಗೆಯಲ್ಲಿ ನೀರು ಬಿಡೋಕೆ ಕಟ್ಟಿದ್ದು. ಕಣಿವೆಯ ಒಕ್ಕಲು ಮನೆ, ಹೊಲ ಎಲ್ಲ ಮುಳುಗಿತು. ಜನ ವಿರೋಧಿಸಿದ್ದರು, 1966ರಲ್ಲಿ ಕಟ್ಟುವ ಜಾಗದಲ್ಲಿ ಬಾಂಬೂ ಸಿಡಿಯಿತು. ಅದಕ್ಕೆ ಒಂದು ವರ್ಷ ಮೊದಲು ಉತ್ತರದಲ್ಲಿ ಲಿವರ್‌ಪೂಲ್ ನಗರದ ನೀರಿಗಾಗಿ ಕ್ಯಾಪೆಲ್ ಕೆಲಿನ್ ಅನ್ನುವ ಇಡೀ ಊರನ್ನೇ ಮುಳುಗಿಸಿದ್ದರು, ಆ ಸಿಟ್ಟು ಆರಿರಲಿಲ್ಲ. ನಮ್ಮ ಲಿಂಗನಮಕ್ಕಿ 1964. ನನ್ನ ಅಜ್ಜನ ಮನೆಯೂ ನೀರಿನ ಕೆಳಗೇ ಇದೆ. ಆ ಹಿನ್ನೀರಿನ ಪಕ್ಕ ನಿಂತರೆ ನನಗೆ ಫೋಟೋ ತೆಗೆಯೋಕೆ ಮನಸ್ಸು ಬರಲ್ಲ, ಪಕ್ಕದಲ್ಲಿ ಎಲ್ಲರೂ ಸೆಲ್ಫಿ ತೆಗೆಯುತ್ತಾ ಇರುತ್ತಾರೆ.

ನೆನೆದ_ಬೂಟು

ಕ್ಲವೆಡಾಗ್ ಅಣೆಕಟ್ಟಿನ ಕೆರೆಯ ದಡದಲ್ಲೇ ಆಸ್ಪ್ರೇ ಹಕ್ಕಿ, ಅಂದರೆ ಮೀನು ಹಿಡಿಯುವ ಗಿಡುಗ, ಗೂಡು ಮಾಡುತ್ತದೆ. ಮರದ ತುದಿಗೆ ಅಟ್ಟ ಕಟ್ಟಿಕೊಟ್ಟಿದ್ದಾರೆ. ಚಳಿಗಾಲ ಪಶ್ಚಿಮ ಆಫ್ರಿಕಾದಲ್ಲಿ ಕಳೆದು ವಸಂತಕ್ಕೆ ವಾಪಸ್ ಬರುತ್ತವೆ. ಏಪ್ರಿಲ್ ಕೊನೆಗೆ ಮೊಟ್ಟೆ ಮೇಲೆ ಕೂತಿರುತ್ತವೆ. ದುರ್ಬೀನು ಇದ್ದರೆ ತನ್ನಿ.

ಇನ್ನೆರಡು ಮಾತು. ಮರ ಕಡಿಯುವ ಕಡೆ ದಾರಿ ಬದಲಿಸಿದ ಬೋರ್ಡ್ ಹಾಕಿರುತ್ತಾರೆ, ಒಪ್ಪಿಕೊಳ್ಳಿ. ದಿಮ್ಮಿ ಪೇರಿಸಿದ ರಾಶಿಯ ಮೇಲೆ ಹತ್ತಿ ಫೋಟೋ ಬೇಡ, ಉರುಳಿದರೆ ಗತಿ ಇಲ್ಲ. ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ಮ್ಯಾಪ್ ಊರಲ್ಲೇ ಇಳಿಸಿಟ್ಟುಕೊಳ್ಳಿ. ನಾಯಿಯ ಹೇಲು ಚೀಲಕ್ಕೆ ತುಂಬಿ ವಾಪಸ್ ತನ್ನಿ, ಕೆಲವರು ಚೀಲಕ್ಕೆ ತುಂಬಿ ಕೊಂಬೆಗೆ ನೇತುಹಾಕಿ ಹೋಗುತ್ತಾರೆ, ಯಾವ ದೇವರಿಗೆ ಹರಕೆಯೋ ಗೊತ್ತಿಲ್ಲ. ಮೇಯುವ ಹುಲ್ಲಿಗೆ ಅದು ಬಿದ್ದರೆ ಅದರಲ್ಲಿರುವ ಒಂದು ಪರಾವಲಂಬಿಯಿಂದ ಹಸುಗಳಿಗೆ ಗರ್ಭ ನಿಲ್ಲುವುದಿಲ್ಲ.

ಮತ್ತೆ ಹಲಗೆ ದಾರಿ. ಜಾರದಿರಲಿ ಅಂತ ಕೆಲವು ಕಡೆ ತಂತಿ ಬಲೆ ಹೊಡೆದಿರುತ್ತಾರೆ. ಮಿಂಚು ಉಗುರು ಸಿಕ್ಕಿಸಿಕೊಳ್ಳದ ಹಾಗೆ ಅಲ್ಲಿ ನಿಧಾನ.

ಕೊಪ್ಪದ_ಹುಡುಗಿ

ಎಲ್ಲರಿಗೂ ವರದಿ. ಹಾವ್ರೆನ್‌ಗೇ ಹೋದೆವು.

ಲ್ಯಾನಿಡ್ಲೋಸ್ ಊರಿನ ಮಧ್ಯೆ ಕಪ್ಪು ಬಿಳುಪಿನ ಒಂದು ಹಳೇ ಸಂತೆಕಟ್ಟೆ, ಮರದ ಕಂಬಗಳ ಮೇಲೆ ನಿಂತಿದೆ, ಸುಮಾರು 1600ರದ್ದಂತೆ. ಅಪ್ಪ ಕಾಡು ಮರೆತು ಅದರ ಕೆಳಗೆ ನಿಂತು ಕಂಬ ತಟ್ಟಿ ನೋಡುತ್ತಿದ್ದರು, ಓಕ್ ಅಂತ ಹೇಳಿದರೆ ನಮ್ಮ ಹೊನ್ನೆಗೆ ಸಮ ಇಲ್ಲ ಅಂತ ತೀರ್ಪು. ಅಮ್ಮ ಬೂಟು ಅಣ್ಣನ ಟಾಯ್ಲೆಟ್ ಸಲಹೆಗೆ ವಿಶೇಷ ಧನ್ಯವಾದ ಹೇಳಲು ಹೇಳಿದ್ದಾರೆ.

ಕಾಡಿನ ದಾರಿಯಲ್ಲಿ ಮಳೆ ಬಂತು, ನಿಂತಿತು, ಮತ್ತೆ ಬಂತು. ಮರದ ಕೆಳಗೆ ಹೆಚ್ಚು ನೆನೆಯಲಿಲ್ಲ, ಆಗ ನೀರಿನ ಲೆಕ್ಕದವರು ಬರೆದದ್ದನ್ನು ಅಪ್ಪನಿಗೆ ಹೇಳಿದೆ. ನಂಬಲಿಲ್ಲ. ಎಲೆ ಮೇಲೆ ನಿಂತ ನೀರು ಕೊನೆಗೆ ಬುಡಕ್ಕೆ ಇಳಿಯಲೇಬೇಕಲ್ಲ, ಎಲ್ಲಿಗೆ ಹೋಗುತ್ತದೆ ಅಂತ ವಾದ. ಆಮೇಲೆ ಒಂದು ಕೊಂಬೆ ಜಗ್ಗಿ, ನೀರು ಉದುರುವುದನ್ನು ನೋಡಿ, ಏನೂ ಹೇಳದೆ ಮುಂದೆ ಹೋದರು. ಹೊಳೆ ನೀರು ಹಾಲಿಲ್ಲದ ಟೀ ಬಣ್ಣ. ಕೊಳಕು ಅಂತ ಅಮ್ಮ ಮೂಗು ಮುರಿದರು. ಮೇಲಿನ ಪೀಟ್, ಅಂದರೆ ಜೌಗಿನಲ್ಲಿ ಗಿಡ ಕೊಳೆತು ಆದ ಕಪ್ಪು ಮಣ್ಣಿನಿಂದ ಬರುವ ಬಣ್ಣ ಅಂತ ಬೋರ್ಡ್ ಇಲ್ಲದಿದ್ದರೂ ನಾನೇ ಗೈಡ್ ಆದೆ.

ಮಿಂಚು ಹಲಗೆ ದಾರಿ ಮೊದಲ ಹೆಜ್ಜೆಗೆ ನಿಂತುಬಿಟ್ಟಳು. ಕಾಲ ಕೆಳಗೆ ಟೊಳ್ಳು ಸದ್ದು ಬಂದದ್ದು ಅವಳಿಗೆ ಹಿಡಿಸಲಿಲ್ಲ. ಎಳೆದರೂ ಇಲ್ಲ, ಬಿಸ್ಕತ್ತು ತೋರಿಸಿದರೂ ಇಲ್ಲ. ಅಪ್ಪ ಲೀಶ್ ತೆಗೆದುಕೊಂಡು, ಹಿಂದೆ ತಿರುಗಿ ನೋಡದೆ, ಹಸು ಹೊಡೆದುಕೊಂಡು ಹೋಗುವಾಗಿನ ಗತ್ತಿನಲ್ಲಿ ಮುಂದೆ ನಡೆದರು. ಹಿಂದೆಯೇ ಹೋದಳು. ಅಲ್ಲಿಂದ ಕಾರಿನವರೆಗೂ ಲೀಶ್ ಅಪ್ಪನ ಕೈಯಲ್ಲೇ. ಈ ನಾಯಿಗೆ ಹೊಟ್ಟೆಗೆ ಹಾಕುತ್ತೀರೋ ಇಲ್ಲವೋ ಅಂತ ದಿನಾ ಬೈಯುತ್ತಿದ್ದವರು ಇವರೇ.

ಒಂದು ಕುರಿ ಮಾತ್ರ ಕಾಡೊಳಗೆ ಬಂದಿತ್ತು, ದಾರಿಯ ತಿರುವಿನಲ್ಲೇ ಎದುರಾಯಿತು. ಮುಧೋಳದ ಅಣ್ಣ, ಹಾರ್ನೆಸ್ ಕೂಡ ಹಾಕಿದ್ದು ಸಾರ್ಥಕವಾಯಿತು. ಮಿಂಚು ಬಿಲ್ಲಿನ ಹಾಗೆ ಬಗ್ಗಿ ನಡುಗುತ್ತಾ ನಿಂತಳು, ಯಜಮಾನರು ಎರಡೂ ಕೈಯಲ್ಲಿ ಹಿಡಿದುಕೊಂಡರು, ಕುರಿ ನಿಧಾನಕ್ಕೆ ಉಚ್ಚೆ ಹೊಯ್ದು, ನಮ್ಮನ್ನೆಲ್ಲ ಒಮ್ಮೆ ನೋಡಿ, ಪೊದೆಯೊಳಗೆ ಹೋಯಿತು.

ಮುಧೋಳದಂವ

ಕುರಿಗೆ ಧೈರ್ಯ ಭಾಳ ಇತ್ತು ಬಿಡ್ರಿ.

ಒಂದು ಸುದ್ದಿ ನೆನಪಾಯಿತು. ವೇಲ್ಸ್ ಸರ್ಕಾರ 2025ರ ಫೆಬ್ರವರಿಯಲ್ಲಿ ಗ್ರೇಹೌಂಡ್ ರೇಸ್ ನಿಷೇಧ ಮಾಡುತ್ತೇವೆ ಅಂತ ಘೋಷಿಸಿತು. ಇಡೀ ವೇಲ್ಸಿಗೆ ಉಳಿದಿದ್ದು ಒಂದೇ ಟ್ರ್ಯಾಕು, ಅಸ್ಟ್ರಾಡ್ ಮನಾಖ್ ಊರಲ್ಲಿ. ಹಾಗಾಗಿ ಇನ್ನಷ್ಟು ಮಿಂಚುಗಳು ಮನೆ ಹುಡುಕುತ್ತಾ ಬರುತ್ತವೆ. ಜಾಗ ಇದ್ದವರು, ಸೋಫಾ ಬಿಟ್ಟುಕೊಡುವ ಮನಸ್ಸಿದ್ದವರು ಯೋಚನೆ ಮಾಡಿ.

ಸುಮ್ನೆ_ಓದುವವ

ಇಷ್ಟು ದಿನ ಓದಿದ್ದಕ್ಕೆ ಒಂದು ಪ್ರಶ್ನೆ ಕೇಳುತ್ತೇನೆ. ನಾವು ಕಾರ್ಡಿಫ್. ಅತ್ತೆ ನೂರು ಹೆಜ್ಜೆಯೂ ನಡೆಯಲಾರರು, ಗಾಲಿ ಕುರ್ಚಿ. ಮುದಿ ಲ್ಯಾಬ್ರಡಾರ್ ಒಂದಿದೆ, ಅದೂ ಹಾಗೇ. ಕಾಡು ನೋಡುವ ಆಸೆ ಇಬ್ಬರಿಗೂ ಇದೆ. ಏನು ಮಾಡಬಹುದು? ಬುಲ್ಖ್ ನಾಂಟ್ ಅರ್ ಆರಿಯನ್‌ನಲ್ಲಿ ಗಿಡುಗಗಳಿಗೆ ಮಾಂಸ ಹಾಕುತ್ತಾರಂತಲ್ಲ, ಅಲ್ಲಿಗೆ ಹೋಗಬಹುದಾ?

ನೆನೆದ_ಬೂಟು

ಬುಲ್ಖ್ ನಾಂಟ್ ಅರ್ ಆರಿಯನ್ ಆಬರಿಸ್ಟ್‌ವಿತ್ ಹತ್ತಿರ, ಕಾರ್ಡಿಫ್‌ನಿಂದ ದೂರ. ಕೆರೆ ಸುತ್ತ ಸಮತಟ್ಟು ದಾರಿ ಇದೆ, ಗಾಲಿ ಕುರ್ಚಿ ಹೋಗುತ್ತದೆ. ಕೆಂಪು ಗಿಡುಗ ಇಪ್ಪತ್ತನೇ ಶತಮಾನದ ಮೊದಲಲ್ಲಿ ಇಡೀ ಬ್ರಿಟನ್ನಿನಲ್ಲಿ ಮಧ್ಯ ವೇಲ್ಸಿನಲ್ಲಿ ಮಾತ್ರ ಕೆಲವೇ ಜೋಡಿ ಉಳಿದಿತ್ತು, ಈಗ ಅಲ್ಲಿ ಒಂದೇ ಸಲಕ್ಕೆ ನೂರಾರು ಸುತ್ತುವುದು ನೋಡಬೇಕಾದ್ದೇ. ಆದರೆ ಅಲ್ಲಿನ ಕೆಫೆ, ಇನ್ನೊಂದು ಕಾಡಾದ ಕೋಯ್ಡ್ ಅ ಬ್ರೆನಿನ್‌ನ ಕೆಫೆ ಎರಡನ್ನೂ 2025ರ ಮಾರ್ಚ್ ಕೊನೆಗೆ ಮುಚ್ಚಿದರು, ದಾರಿಗಳು ಮಾತ್ರ ತೆರೆದಿಟ್ಟರು. ಹೊರಡುವ ಮೊದಲು ಈಗ ಏನಿದೆ ಅಂತ ನೋಡಿಕೊಳ್ಳಿ, ಅತ್ತೆಯವರನ್ನು ಬಿಸಿ ಕಾಫಿ ಇಲ್ಲದ ಕಡೆ ಕೂರಿಸಬೇಡಿ.

ನಿಮಗೆ ಹತ್ತಿರದ್ದು ಕುಮ್‌ಕಾರ್ನ್. ಅಲ್ಲಿ ಕಾಡೊಳಗೆ 7 ಮೈಲಿ ಕಾರಲ್ಲೇ ಹೋಗುವ ದಾರಿ ಇದೆ. ಲಾರ್ಚ್ ಮರಗಳಿಗೆ ರೋಗ ಬಂದು 2014ರಲ್ಲಿ ಮುಚ್ಚಿದ್ದರು, ರೋಗದ ಮರ ಎಲ್ಲ ಕಡಿದು, ಬೇರೆ ಗಿಡ ನೆಟ್ಟು 2021ರಲ್ಲಿ ತೆರೆದರು. ಮಧ್ಯೆ ಮಧ್ಯೆ ಕಾರು ನಿಲ್ಲಿಸುವ ಜಾಗ, ಮೇಜು ಬೆಂಚು, ಕಣಿವೆ ನೋಟ. ಕೆಲವು ಕಡೆ ಗಾಲಿ ಕುರ್ಚಿಗೆ ಆಗುವ ಚಿಕ್ಕ ದಾರಿಯೂ ಇದೆ. ಕಾರಿಗೆ ಶುಲ್ಕ ಇದೆ. ಗೇಟು ಯಾವ ಹೊತ್ತಿಗೆ ಹಾಕುತ್ತಾರೆ ಅಂತ ಆ ದಿನ ಬೆಳಗ್ಗೆ ನೋಡಿಕೊಂಡು ಹೊರಡಿ, ಚಳಿಗಾಲದಲ್ಲಿ ಬೇಗ ಹಾಕುತ್ತಾರೆ.

ಸುಮ್ನೆ_ಓದುವವ

ಕುಮ್‌ಕಾರ್ನ್ ಸರಿ ಅನ್ನಿಸುತ್ತಿದೆ. ಲ್ಯಾಬ್ರಡಾರ್ ಇಳಿಯೋಕೆ ಕಾರಿನ ಹಿಂದೆ ಇಟ್ಟುಕೊಳ್ಳುವ ಮಡಚುವ ಹಲಗೆ ಯಾರಾದರೂ ಬಳಸಿದ್ದೀರಾ? ಎತ್ತಿ ಎತ್ತಿ ನನ್ನ ಸೊಂಟ ಹೋಗಿದೆ.

ಪಶುವೈದ್ಯೆ_ಸ್ವಾನ್ಸೀ

ತೆಗೆದುಕೊಳ್ಳಿ. ಅಗಲ ಜಾಸ್ತಿ ಇರುವುದನ್ನೇ ನೋಡಿ, ಮೇಲೆ ಒರಟು ಹಾಸು ಇರಲಿ. ಮೊದಲು ಮನೆಯಲ್ಲಿ ನೆಲದ ಮೇಲೆ ಚಪ್ಪಟೆ ಇಟ್ಟು ಅದರ ಮೇಲೆ ನಡೆಸಿ ಅಭ್ಯಾಸ ಮಾಡಿಸಿ, ಆಮೇಲೆ ಕಾರಿಗೆ ಆನಿಸಿ.